ಹೊಟ್ಟೆಯ ಮಹಾಪಧಮನಿಯ ಉಬ್ಬು: ಕೊಯ್ದು ಸರಿಮಾಡುವುದೋ, ಸ್ಟೆಂಟ್ ಕೂರಿಸುವುದೋ

ಹೊಟ್ಟೆಯೊಳಗಿನ ದೊಡ್ಡ ರಕ್ತನಾಳ ಉಬ್ಬಿ ಚೀಲದಂತಾದರೆ ಸರಿಮಾಡಲು ಎರಡು ದಾರಿ: ಹೊಟ್ಟೆ ತೆರೆದು ಬಟ್ಟೆಯ ಕೊಳವೆ (ಗ್ರಾಫ್ಟ್) ಹೊಲಿಯುವುದು, ಇಲ್ಲವೇ ತೊಡೆಸಂದಿನ ನಾಳದ ಮೂಲಕ ಲೋಹದ ಬಲೆಯಿರುವ ಬಟ್ಟೆಯ ಕೊಳವೆ (ಸ್ಟೆಂಟ್ ಗ್ರಾಫ್ಟ್) ಕೂರಿಸುವುದು. ಆಪರೇಷನ್ ಬೇಕೋ ಬೇಡವೋ ಎನ್ನುವುದನ್ನು ಉಬ್ಬಿನ ಗಾತ್ರ ಹೇಳುತ್ತದೆ: ಗಂಡಸರಲ್ಲಿ 5.5 ಸೆಂ.ಮೀ., ಹೆಂಗಸರಲ್ಲಿ 5 ಸೆಂ.ಮೀ. ಯಾವ ಆಪರೇಷನ್ ಎಂದು ಹೇಳುವುದು ನಾವು 'ನೆಕ್' ಎನ್ನುವ ಭಾಗ, ಅಂದರೆ ಕಿಡ್ನಿ ನಾಳದಿಂದ ಉಬ್ಬು ಶುರುವಾಗುವವರೆಗಿನ ತುಂಡು.

ರಕ್ತನಾಳ ತೋರಿಸುವ ಸ್ಕ್ಯಾನ್, ಅಂದರೆ ಸಿ.ಟಿ. ಆಂಜಿಯೋವನ್ನು 1 ಮಿ.ಮೀ. ಸ್ಲೈಸ್‌ನಲ್ಲೇ ಕೇಳುತ್ತೇನೆ. ರಿಪೋರ್ಟಿನ ಅಂಕಿ ನೆಚ್ಚಿಕೊಳ್ಳದೆ ಅಳತೆಯನ್ನು ನಾನೇ ತೆಗೆಯುತ್ತೇನೆ, ಅದೂ ನಾಳದ ನಡುಗೆರೆಗೆ ಅಡ್ಡಲಾಗಿ. ಓರೆಯಾಗಿರುವ ನಾಳವನ್ನು ಸಾದಾ ಸ್ಲೈಸ್‌ನಲ್ಲಿ ಅಳೆದರೆ ದುಂಡಗಿನದು ಮೊಟ್ಟೆಯಾಕಾರವಾಗಿ ಕಂಡು ಅಳತೆ ಹೆಚ್ಚು ಬರುತ್ತದೆ. ಅದನ್ನು ನಂಬಿ ದೊಡ್ಡ ಗ್ರಾಫ್ಟ್ ತರಿಸಿದರೆ ಬಟ್ಟೆ ಮಡಿಕೆ ಬಿದ್ದು, ಮಡಿಕೆಯ ಸಂದಿಯಲ್ಲಿ ರಕ್ತ ಸೋರುತ್ತದೆ. ನೆಕ್ 24 ಮಿ.ಮೀ. ಇದ್ದರೆ ನಾನು ಹಾಕುವುದು 28ರದ್ದು, ಶೇ. 10ರಿಂದ 20 ದೊಡ್ಡದು ಸಾಕು. ಉದ್ದ 15 ಮಿ.ಮೀ. ಬೇಕು, ಬಾಗು 60 ಡಿಗ್ರಿಯೊಳಗಿರಬೇಕು. ಕೆಳಗೆ ಹೋದಂತೆ ಅಗಲವಾಗುವ ನೆಕ್, ಒಳಗೆ ಹೆಪ್ಪು ಕಟ್ಟಿರುವ ನೆಕ್ ಕಂಡರೆ ಮಾಮೂಲಿ ಸ್ಟೆಂಟ್ ಗ್ರಾಫ್ಟಿನ ಮಾತು ಅಲ್ಲಿಗೇ ಬಿಡುತ್ತೇನೆ.

ಆಮೇಲೆ ಸ್ಟೆಂಟ್ ಹೋಗುವ ದಾರಿ. ಅದನ್ನು ಒಯ್ಯುವ ಕೊಳವೆಯ (ಶೀತ್) ದಪ್ಪ ಅಳೆಯುವುದು ಫ್ರೆಂಚ್ ಲೆಕ್ಕದಲ್ಲಿ: 18 ಫ್ರೆಂಚ್ ಎಂದರೆ 6 ಮಿ.ಮೀ.; ಕಾಲಿನ ಕಡೆ ಹೋಗುವ ಇಲಿಯಾಕ್ ನಾಳ 7 ಮಿ.ಮೀ. ಆದರೂ ಇರಬೇಕು. ಸುಣ್ಣ ಕಟ್ಟಿದ ಸಣ್ಣ ನಾಳದಲ್ಲಿ ಶೀತ್ ತುರುಕಿದರೆ ಹರಿದದ್ದು ಆಗ ಗೊತ್ತಾಗುವುದಿಲ್ಲ, ಶೀತೇ ಬಿರಡೆಯಾಗಿ ಕೂತಿರುತ್ತದೆ. ಹೊರಗೆಳೆದ ಕೂಡಲೇ ಬಿ.ಪಿ. ಕುಸಿಯುತ್ತದೆ. ಅದಕ್ಕೇ ಕೊನೆಯ ಚಿತ್ರ ನೋಡುವವರೆಗೆ ದಾರಿ ಹಿಡಿದಿರುವ ವೈರ್ ತೆಗೆಯುವುದಿಲ್ಲ, ರಕ್ತ ತಡೆಯುವ ಬಲೂನು ಟೇಬಲ್ ಮೇಲೇ ಇರುತ್ತದೆ. ಇನ್ನೊಂದು ಎಚ್ಚರ: ಗ್ರಾಫ್ಟಿನ ಎರಡನೇ ಕಾಲಿನ (ಕವಲಿನ) ತುಂಡು ಬಿಡುವ ಮೊದಲು ತುದಿ ಸುರುಳಿಯಾಗಿರುವ ಸಣ್ಣ ಕೊಳವೆ, ಪಿಗ್‌ಟೇಲ್ ಕ್ಯಾತಿಟರನ್ನು ಮುಖ್ಯ ಗ್ರಾಫ್ಟಿನೊಳಗೆ ತಿರುಗಿಸಿ ನೋಡುತ್ತೇನೆ. ಸಲೀಸಾಗಿ ತಿರುಗಿದರೆ ಒಳಗಿದೆ. ತಿರುಗದಿದ್ದರೆ ವೈರ್ ಗ್ರಾಫ್ಟಿನ ಹಿಂದೆ ಚೀಲದೊಳಗೆ ಹೋಗಿರಬಹುದು. ಅಲ್ಲಿ ಕಾಲು ಬಿಚ್ಚಿದರೆ ಹೊಟ್ಟೆ ತೆರೆಯುವ ಪ್ರಸಂಗ ಬಂದೀತು.

ಹೊಟ್ಟೆ ತೆರೆದು ಮಾಡುವಾಗ ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಟ್ಟು ಕೆಲವು ನಿಮಿಷ ಕಾದು, ಮೊದಲು ಇಲಿಯಾಕ್‌ಗಳಿಗೆ ಕ್ಲ್ಯಾಂಪ್, ಆಮೇಲೆ ನೆಕ್‌ಗೆ. ಉಲ್ಟಾ ಮಾಡಿದರೆ ಹೆಪ್ಪಿನ ಚೂರು ಕಾಲಿಗೆ ಜಾರುತ್ತದೆ. ಚೀಲವನ್ನು ಬಲಕ್ಕೆ ಸರಿದು ಸೀಳಿ, ಹೆಪ್ಪು ತೆಗೆದು, ಬೆನ್ನಿನ ಕಡೆಯಿಂದ ರಕ್ತ ಚಿಮ್ಮುವ ಲಂಬಾರ್ ನಾಳಗಳನ್ನು ಒಳಗಿನಿಂದಲೇ ಹೊಲಿಯುತ್ತೇನೆ. ಡೇಕ್ರಾನ್ ಬಟ್ಟೆಯ ಗ್ರಾಫ್ಟ್ ಹೊಲಿಯಲು 3-0 ದಪ್ಪದ ಪಾಲಿಪ್ರೊಪಿಲೀನ್ ದಾರ. ಹಿಂಗೋಡೆಯಲ್ಲಿ ಹೊಲಿಗೆ ಆಳವಾಗಿ ಹಿಡಿಯಬೇಕು, ಆಮೇಲೆ ಅಲ್ಲಿ ಸೋರಿದರೆ ಕೈ ಎಟುಕುವುದಿಲ್ಲ. ಕ್ಲ್ಯಾಂಪ್ ಬಿಡುವ ಮುಂಚೆ ಅರಿವಳಿಕೆಯವರಿಗೆ ಹೇಳಿ, ಒಂದೊಂದೇ ಕಾಲಿಗೆ ನಿಧಾನವಾಗಿ ಬಿಡುತ್ತೇನೆ. ಕೊನೆಗೆ ಹಳೆಯ ಚೀಲವನ್ನೇ ಗ್ರಾಫ್ಟಿನ ಮೇಲೆ ಹೊದಿಸಿ ಹೊಲಿಯುವುದನ್ನು ಬಿಡಬಾರದು; ಸಣ್ಣ ಕರುಳು ಗ್ರಾಫ್ಟಿಗೆ ತಾಗುತ್ತಿದ್ದರೆ ವರ್ಷಗಳ ನಂತರ ಕೊರೆದು ರಕ್ತ ವಾಂತಿಯಾದೀತು. ಮೊದಲೆರಡು ದಿನದಲ್ಲಿ ರಕ್ತಭೇದಿಯಾದರೆ ಎಡಗಡೆಯ ದೊಡ್ಡ ಕರುಳಿಗೆ ರಕ್ತ ಸಾಲದೆಂದೇ ಹಿಡಿದು ತಕ್ಷಣ ಸ್ಕೋಪ್ (ಕರುಳಿನೊಳಗೆ ನೋಡುವ ಕ್ಯಾಮೆರಾ ಕೊಳವೆ) ಹಾಕಿಸುತ್ತೇನೆ.

ಎರಡೂ ವಿಧಾನ ಹೋಲಿಸಿದ ಬ್ರಿಟನ್ನಿನ ಇವಿಎಆರ್-1 ಪ್ರಯೋಗದಲ್ಲಿ 30 ದಿನದೊಳಗಿನ ಸಾವು ಸ್ಟೆಂಟ್‌ನವರಲ್ಲಿ ಶೇ. 1.7, ತೆರೆದವರಲ್ಲಿ ಶೇ. 4.7. ಎಂಟು ವರ್ಷ ದಾಟಿದ ಮೇಲೆ ಲೆಕ್ಕ ತಿರುಗಿತು: ಸ್ಟೆಂಟ್ ಹಾಕಿದ್ದರೂ ಚೀಲ ಒಡೆದು ಸತ್ತವರಿದ್ದರು. ಹಾಗಾಗಿ ಅರವತ್ತರ ಆಸುಪಾಸಿನ, ಹೃದಯ-ಶ್ವಾಸಕೋಶ ಗಟ್ಟಿಯಿರುವವರಿಗೆ, ಅದರಲ್ಲೂ ವರ್ಷ ವರ್ಷ ಸ್ಕ್ಯಾನ್‌ಗೆ ಬರಲಾಗದಷ್ಟು ದೂರದವರಿಗೆ, ತೆರೆದೇ ಮಾಡುತ್ತೇನೆ. ಎಂಬತ್ತು ದಾಟಿದ, ಬೀಡಿ ಸೇದಿ ಶ್ವಾಸಕೋಶ ಹಾಳಾದವರಿಗೆ, ನೆಕ್ ಚೆನ್ನಾಗಿದ್ದರೆ, ಸ್ಟೆಂಟ್.

ಸ್ಟೆಂಟ್ ಹಾಕಿದವರ ಡಿಸ್ಚಾರ್ಜ್ ಚೀಟಿಯಲ್ಲಿ ಬರೆಯುವುದು ಇಷ್ಟು: ಒಂದು ತಿಂಗಳಾದ ಮೇಲೆ ಒಂದು ಸಿ.ಟಿ., ಒಂದು ವರ್ಷವಾದಾಗ ಇನ್ನೊಂದು, ಆಮೇಲೆ ಪ್ರತಿ ವರ್ಷ ಡಾಪ್ಲರ್ (ರಕ್ತದ ಹರಿವು ತೋರಿಸುವ ಅಲ್ಟ್ರಾಸೌಂಡ್). ಮೇಲೆ-ಕೆಳಗೆ ಅಂಚಿನಲ್ಲೋ ತುಂಡುಗಳ ಜೋಡಣೆಯಲ್ಲೋ ಸೋರಿದರೆ ಕಾಯುವಂತಿಲ್ಲ. ಲಂಬಾರ್ ನಾಳದಿಂದ ಚೀಲಕ್ಕೆ ರಕ್ತ ಬರುತ್ತಿದ್ದರೆ, ಚೀಲ ಬೆಳೆಯದಿರುವವರೆಗೂ ಮುಟ್ಟುವುದಿಲ್ಲ.