ಊದಿದ ಕೈಗೆ ಚಿಕಿತ್ಸೆ ಶುರುವಾಗುವುದು ಕುತ್ತಿಗೆಯಿಂದ

ಸ್ತನ ಕ್ಯಾನ್ಸರ್ ಆಪರೇಷನ್ ಆಗಿ ಕೈ ಊದಿಕೊಂಡವರಿಗೆ ಫಿಸಿಯೋಥೆರಪಿ ಕೊಡುವುದು ನನ್ನ ಕೆಲಸ. ಮಡಿಕೇರಿ, ಸೋಮವಾರಪೇಟೆ ಕಡೆಯ ಕಾಫಿ ತೋಟಗಳಿಂದ ಬರುವವರೇ ಜಾಸ್ತಿ. "ಮೇಡಂ, ಎಣ್ಣೆ ಹಾಕಿ ಗಟ್ಟಿಯಾಗಿ ತಿಕ್ಕಿದರೆ ಇಳಿಯಲ್ವಾ?" ಅಂತ ಕೇಳುತ್ತಾರೆ. ಇಳಿಯುವುದಿಲ್ಲ. ಯಾಕೆ ಅಂತ ಹೇಳಿದ ಮೇಲೆಯೇ ನಾನು ಕೈ ಮುಟ್ಟುವುದು.

ಸಣ್ಣ ರಕ್ತನಾಳಗಳಿಂದ ನೀರಿನಂಥ ದ್ರವ ಸದಾ ಜಿನುಗುತ್ತಿರುತ್ತದೆ, ಜೊತೆಗೆ ಸ್ವಲ್ಪ ಪ್ರೋಟೀನ್ ಕೂಡ. ಅದನ್ನು ದುಗ್ಧನಾಳಗಳು (ಲಿಂಫ್ ನಾಳಗಳು) ಹೀರಿ ಮತ್ತೆ ರಕ್ತಕ್ಕೆ ಸೇರಿಸುತ್ತವೆ. ದಿನಕ್ಕೆ ಲೀಟರ್‌ಗಟ್ಟಲೆ! ಈ ವ್ಯವಸ್ಥೆಗೆ ಹೃದಯದಂಥ ಪಂಪ್ ಇಲ್ಲ. ದೊಡ್ಡ ದುಗ್ಧನಾಳಗಳ ಗೋಡೆ ತಾನೇ ಹಿಂಡಿಕೊಳ್ಳುತ್ತದೆ. ಪಕ್ಕದ ಸ್ನಾಯು ಅಲುಗಿದರೆ ತಳ್ಳುತ್ತದೆ. ಉಸಿರು ಎಳೆದಾಗ ಎದೆಯ ಕಡೆಗೆ ಸೆಳೆತ ಬರುತ್ತದೆ. ಒಳಗಿನ ಕವಾಟಗಳು ಹಿಂದಕ್ಕೆ ಹರಿಯಲು ಬಿಡುವುದಿಲ್ಲ. ದಾರಿಯಲ್ಲಿ ದುಗ್ಧ ಗ್ರಂಥಿಗಳು ಸೋಸುತ್ತವೆ. ಕೊನೆಗೆ ಕುತ್ತಿಗೆಯ ಬುಡದಲ್ಲಿ ದೊಡ್ಡ ರಕ್ತನಾಳಕ್ಕೆ ಸೇರುತ್ತದೆ.

ಕಂಕುಳಿನ ಗ್ರಂಥಿಗಳನ್ನು ತೆಗೆದರೆ ಅಥವಾ ಅಲ್ಲಿಗೆ ರೇಡಿಯೇಷನ್ ಕೊಟ್ಟರೆ ಕೈಯಿಂದ ಹೊರಡುವ ದಾರಿ ಕಿರಿದಾಗುತ್ತದೆ. ಕೆಲವರಿಗೆ ತಿಂಗಳುಗಳ ನಂತರ, ಕೆಲವರಿಗೆ ವರ್ಷಗಳ ನಂತರ ಕೈ ಭಾರವಾಗುತ್ತದೆ, ಬಳೆ ಬಿಗಿಯಾಗುತ್ತದೆ. ನಿಂತಿರುವುದು ಬರೀ ನೀರಲ್ಲ, ಪ್ರೋಟೀನ್ ಸೇರಿದ ದ್ರವ. ಅದಕ್ಕೇ ಮೂತ್ರ ಹೋಗಿಸುವ ಮಾತ್ರೆ ಇದಕ್ಕೆ ಮದ್ದಲ್ಲ.

ತೋಟದ ಚರಂಡಿ ಕಟ್ಟಿಕೊಂಡರೆ ನಾವು ತಗ್ಗಿನ ಕಡೆಯಿಂದ ಬಿಡಿಸುತ್ತಾ ಮೇಲೆ ಬರುತ್ತೇವೆ, ಅಲ್ವಾ? ನನ್ನ ಕ್ರಮವೂ ಅದೇ. ಮೊದಲು ಹೊಟ್ಟೆ ತುಂಬ ಉಸಿರಾಟ. ಆಮೇಲೆ ಹಗುರ ಮಸಾಜ್: ಕುತ್ತಿಗೆ, ಸರಿಯಿರುವ ಕಡೆಯ ಕಂಕುಳು, ಎದೆ, ಊದಿದ ಕಡೆಯ ತೊಡೆಸಂದು. ಅದಾದ ಮೇಲೆ ಭುಜ, ತೋಳು, ಮೊಣಕೈ ಕೆಳಗೆ, ಬೆರಳು. ಕೈಯಲ್ಲಿ ಎಲ್ಲಿ ಮುಟ್ಟಿದರೂ ತಳ್ಳುವುದು ಮಾತ್ರ ಮೇಲಕ್ಕೆ, ಭುಜದ ಕಡೆಗೆ. ಮೊದಲು ದ್ರವ ಹೀರುವ ನಾಳಗಳು ಚರ್ಮದ ಕೆಳಗೇ ಇವೆ, ತುಂಬ ನಾಜೂಕು. ಚರ್ಮ ಸ್ವಲ್ಪ ಎಳೆದು ಬಿಟ್ಟಷ್ಟೇ ಒತ್ತಡ ಸಾಕು. ಈ ಹಗುರ ಕೈಯ ವಿಧಾನವನ್ನು 1930ರ ದಶಕದಲ್ಲಿ ರೂಪಿಸಿದವರು ಡೆನ್ಮಾರ್ಕಿನ ಎಮಿಲ್ ವಾಡರ್.

ಆದರೆ ನನ್ನ ಅನುಭವದಲ್ಲಿ ಹೆಚ್ಚು ಕೆಲಸ ಮಾಡುವುದು ಬ್ಯಾಂಡೇಜ್. ಜಾಸ್ತಿ ಹಿಗ್ಗದ ಬ್ಯಾಂಡೇಜನ್ನೇ ಸುತ್ತುತ್ತೇನೆ. ಬೆರಳ ಕಡೆ ಬಿಗಿ, ಮೇಲೆ ಹೋದಂತೆ ಸಡಿಲ. ಸುತ್ತಿದ ಮೇಲೆ ಸುಮ್ನೆ ಕೂರಬಾರದು, ಮುಷ್ಟಿ ಕಟ್ಟಿ ಬಿಡಬೇಕು, ಮೊಣಕೈ ಮಡಚಬೇಕು. ಆಗ ಸ್ನಾಯು ಬ್ಯಾಂಡೇಜಿಗೆ ಒತ್ತಿ ದ್ರವವನ್ನು ಮೇಲೆ ಕಳಿಸುತ್ತದೆ. ಟೇಪಿನಿಂದ ಎರಡೂ ಕೈ ಅಳೆದು ಬರೆದಿಡುತ್ತೇನೆ. ಊತ ಇಳಿದು ಅಳತೆ ಒಂದೇ ಕಡೆ ನಿಂತ ಮೇಲೆ ಸ್ಲೀವ್, ಅಂದರೆ ಕೈಗೆ ಬಿಗಿಯಾಗಿ ಕೂರುವ ಎಲಾಸ್ಟಿಕ್ ತೋಳುಚೀಲ, ಕೊಡುತ್ತೇನೆ.

"ಕಾಫಿ ಕೊಯ್ಯಬಹುದಾ?" ಅಂದರೆ, ಕೊಯ್ಯಿರಿ ಅಕ್ಕ, ಸ್ಲೀವ್ ಹಾಕಿಕೊಂಡು, ನಿಧಾನವಾಗಿ ಹೆಚ್ಚಿಸುತ್ತಾ ಹೋಗಿ ಅನ್ನುತ್ತೇನೆ. ನನಗೆ ಭಯ ಇರುವುದು ಗೀರು, ಮುಳ್ಳು, ಕೆಂಜಿರುವೆ, ಮಳೆಗಾಲದ ಜಿಗಣೆ. ಸಣ್ಣ ಗಾಯದಿಂದಲೂ ಸೋಂಕು ಹತ್ತಬಹುದು. ಕೈ ಕೆಂಪಾಗಿ ಬಿಸಿಯಾದರೆ, ಚಳಿ ಜ್ವರ ಬಂದರೆ ಮಸಾಜೂ ಬೇಡ, ಬ್ಯಾಂಡೇಜೂ ಬೇಡ. ಅವತ್ತೇ ಡಾಕ್ಟರ ಹತ್ತಿರ ಹೋಗಬೇಕು.

ಜೂನಿನಿಂದ ಇಲ್ಲಿ ಬಟ್ಟೆ ಒಣಗುವುದೇ ಇಲ್ಲ. ಸ್ಲೀವನ್ನು ಒಲೆಯ ಮೇಲೆ ನೇತುಹಾಕಿದರೆ ಎಲಾಸ್ಟಿಕ್ ಹಾಳಾಗುತ್ತದೆ. ಎರಡು ಇಟ್ಟುಕೊಳ್ಳಿ. ಒಂದು ಕೈಯಲ್ಲಿರಲಿ, ಇನ್ನೊಂದು ನೆರಳಲ್ಲಿ ಒಣಗಲಿ.