ಹಳೆಯ ಬಿಎಂಎಕ್ಸ್ ಫೋರ್ಕಿಗೆ ಹೊಸ ಚಕ್ರ ಕೂರಿಸುವುದು ಹೇಗೆ?

ಕ್ಯಾಲಿಫೋರ್ನಿಯಾದಲ್ಲಿ 1970ರ ದಶಕದಲ್ಲಿ ಬೆಳೆದ ಬಿಎಂಎಕ್ಸ್ (ಮಣ್ಣಿನ ಹಾದಿಯ ಪಂದ್ಯದ, ಚಿಕ್ಕ ಚಕ್ರಗಳ) ಸೈಕಲ್ಲುಗಳಲ್ಲಿ ಹಲವುಗಳ ಮುಂದಿನ ಫೋರ್ಕಿನ, ಎಂದರೆ ಮುಂಚಕ್ರವನ್ನು ಹಿಡಿಯುವ ಕವಲಿನ, ಸೀಳು 5/16 ಇಂಚಿನ, ಎಂದರೆ ಸುಮಾರು 8 ಮಿ.ಮೀ. ಆಕ್ಸಲ್ಲಿಗೆ (ಚಕ್ರದ ನಡುವಿನ ಅಚ್ಚಿಗೆ) ಹೊಂದುವಂಥದ್ದು. ಈಗಿನ ಮುಂಚಕ್ರಗಳ ಆಕ್ಸಲ್ ಸಾಮಾನ್ಯವಾಗಿ 3/8 ಇಂಚು, ಸುಮಾರು 9.5 ಮಿ.ಮೀ. ಇರುತ್ತದೆ. ಈ ಒಂದೂವರೆ ಮಿ.ಮೀ. ಅಂತರಕ್ಕಾಗಿ ಫೋರ್ಕಿನ ಸೀಳನ್ನೇ ಅರದಿಂದ ಉಜ್ಜಿ, ಕ್ರೋಮ್ ಕಿತ್ತು, ಚಕ್ರ ಓರೆಯಾಗಿ ನಿಲ್ಲುವಂತೆ ಮಾಡಿಕೊಂಡವರನ್ನು ಹಲವು ಸಲ ಕಂಡಿದ್ದೇನೆ. ಹಳೆಯ ಫೋರ್ಕು ಮತ್ತೆ ಸಿಗುವುದು ಕಷ್ಟ. ಹಾಳಾದ ಆಕ್ಸಲ್ಲನ್ನು ಬದಲಾಯಿಸಬಹುದು.

ಮೊದಲು ಸೀಳಿನ ಅಗಲವನ್ನೂ ಫೋರ್ಕಿನ ಒಳ ಅಂತರವನ್ನೂ ವರ್ನಿಯರ್‌ನಿಂದ ಅಳೆಯಿರಿ. ಚಕ್ರದ ನಡುವಿನ ಹಬ್ (ಆಕ್ಸಲ್ ಹಾದುಹೋಗುವ ಭಾಗ) ಬಿಡಿ ಬೇರಿಂಗ್ ಗುಂಡುಗಳದ್ದಾಗಿದ್ದರೆ 5/16 ಇಂಚಿನ ಆಕ್ಸಲ್ಲನ್ನು, ಗುಂಡುಗಳನ್ನು ಒತ್ತಿಹಿಡಿಯುವ ಅದರದೇ ಕೋನ್‌ಗಳ ಸಮೇತ ಹಾಕುವುದೇ ಉತ್ತಮ. 3/8ರ ಕೋನ್ ಅದರ ಮರೆಗೆ (ತಿರುಪಿನ ಸುತ್ತುಗೆರೆಗೆ) ಕೂರುವುದಿಲ್ಲ.

ಅದು ಸಾಧ್ಯವಾಗದಿದ್ದರೆ 3/8ರ ಆಕ್ಸಲ್ಲಿನ ತುದಿಗಳನ್ನು ಎರಡು ಬದಿಯಲ್ಲಿ ಅರದಿಂದ ಉಜ್ಜಿ ಚಪ್ಪಟೆ ಮಾಡಬೇಕು. ಇಲ್ಲಿ ಅವಸರ ಸಲ್ಲದು. ಆಕ್ಸಲ್ ಗಟ್ಟಿ ಉಕ್ಕಿನದೇ ಎಂದು ಖಚಿತಪಡಿಸಿಕೊಳ್ಳಿ. ಟೊಳ್ಳು ಆಕ್ಸಲ್ಲಿಗೂ ಅಲ್ಯೂಮಿನಿಯಂ ಆಕ್ಸಲ್ಲಿಗೂ ಅರ ಮುಟ್ಟಿಸಲೇಬಾರದು. ಉಕ್ಕಿನ ಪುಡಿ ಬೇರಿಂಗಿಗೆ ಇಳಿಯದಂತೆ ಹಬ್ಬಿನ ಬಾಯಿಗೆ ಟೇಪು ಸುತ್ತಿ, ಸೀಳಿನೊಳಗೆ ಕೂರುವ ಭಾಗವನ್ನಷ್ಟೇ ಗುರುತು ಹಾಕಿ, ಪ್ರತಿ ಬದಿಯಲ್ಲಿ ಸುಮಾರು 0.8 ಮಿ.ಮೀ. ಮಾತ್ರ ತೆಗೆಯಿರಿ. ಹತ್ತು ಸಲ ಉಜ್ಜಿದರೆ ಒಂದು ಸಲ ಅಳೆಯುವುದು ನನ್ನ ಪದ್ಧತಿ. ಎಡತುದಿಯ ಚಪ್ಪಟೆ ಮುಖಗಳು ಬಲತುದಿಯವಕ್ಕೆ ಸಮಾನಾಂತರವಾಗಿರಲೇಬೇಕು. ಒಂದು ತುದಿ ತುಸು ತಿರುಗಿದ್ದರೂ ಎರಡೂ ಒಟ್ಟಿಗೆ ಸೀಳಿಗೆ ಇಳಿಯುವುದಿಲ್ಲ, ಆಗ ಸುತ್ತಿಗೆಯಿಂದ ಬಡಿಯುವ ಮನಸ್ಸಾಗುತ್ತದೆ, ಫೋರ್ಕಿನ ಸೀಳು ಅರಳುವುದು ಆ ಏಟಿಗೇ. ಗ್ರೈಂಡರ್ ಕೆಲಸವನ್ನು ಬೇಗ ಮುಗಿಸುತ್ತದೆಯಾದರೂ ಬಿಸಿಗೆ ಉಕ್ಕು ಮೆತ್ತಗಾಗುವ ಅಪಾಯವಿರುವುದರಿಂದ ನಾನು ಅದನ್ನು ಬಳಸುವುದಿಲ್ಲ. ಉಳಿದ ದುಂಡು ಬದಿಗಳಲ್ಲಿ ಮರೆ ಹಾಗೆಯೇ ಇರುವುದರಿಂದ 3/8ರ ನಟ್ಟೇ ಹಿಡಿಯುತ್ತದೆ. ಹೀಗೆ ತೆಳುವಾದ ಆಕ್ಸಲ್ ಮೊದಲಿನಷ್ಟು ಬಲವಾಗಿರದು. ಎತ್ತರದಿಂದ ಜಿಗಿಯುವವರಿಗೆ ಈ ಉಪಾಯ ಬೇಡ.

ಹೊಸ ಹಬ್ಬಿನ ಅಗಲ ಸಾಮಾನ್ಯವಾಗಿ 100 ಮಿ.ಮೀ. ಫೋರ್ಕು ಅದಕ್ಕಿಂತ ಕಿರಿದಾಗಿದ್ದರೆ ಹಬ್ಬಿನ ಎರಡೂ ಕಡೆಯ ವಾಷರ್‌ಗಳನ್ನು ಸಮವಾಗಿ ತೆಳುವಾದವಕ್ಕೆ ಬದಲಾಯಿಸಿ. ಫೋರ್ಕನ್ನು ಎಳೆದು ಅಗಲಿಸಬೇಡಿ.

ಚಕ್ರವನ್ನು ಸೀಳಿನ ತಳಕ್ಕೆ ಪೂರ್ತಿ ಕೂರಿಸಿ, ಎರಡೂ ನಟ್ಟುಗಳನ್ನು ಸರದಿಯಂತೆ ಬಿಗಿಯಿರಿ. ತಗಡಿನಿಂದ ಒತ್ತಿದ ಅಗ್ಗದ ನಟ್ಟುಗಳ ಮರೆ ಬೇಗ ಸವೆಯುತ್ತದೆ, ಅವನ್ನು ಕೊಳ್ಳಬೇಡಿ. ಮೊದಲ ಸವಾರಿ ಮುಗಿಸಿ ಬಂದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿಯಿರಿ.