ಹೇಳಿಕೆ ಬಂದಿದೆ: ಮಹಾಮಾರಿಯ ಕಾಲದಲ್ಲಿ ಜೆಂಬರಕ್ಕೆ ಹೋಗುವುದೋ, ಬಿಡುವುದೋ?

ಕಾಸರಗೋಡಿನ ಕಡೆ ಜೆಂಬರ, ಅಂದರೆ ಮದುವೆ, ಗೃಹಪ್ರವೇಶದಂಥ ಸಮಾರಂಭ, ಇದ್ದರೆ ಮನೆಗೇ ಬಂದು ಹೇಳಿಕೆ ಮಾಡಿ (ಆಮಂತ್ರಿಸಿ) ಹೋಗುತ್ತಾರೆ. ಹೋಗದಿದ್ದರೆ ಮಾತಾಗುತ್ತದೆ, ಕೆಲವೊಮ್ಮೆ ಆ ಮಾತು ವರ್ಷಗಟ್ಟಲೆ ಉಳಿಯುತ್ತದೆ. ಅದಕ್ಕೇ ಕೊರೋನಾದಂಥ ರೋಗ ಹಬ್ಬಿದಾಗಲೂ ಎಷ್ಟೋ ಮಂದಿ ಯೋಚಿಸದೆ ಹೊರಡುತ್ತಾರೆ. ಇನ್ನು ಕೆಲವರು ಹೆದರಿ ಎಲ್ಲವನ್ನೂ ಬಿಟ್ಟು ಕೂರುತ್ತಾರೆ. ಇವೆರಡರ ನಡುವೆ ಬೇಕಾದಷ್ಟು ದಾರಿಗಳಿವೆ. ಧಾರೆ ನೋಡಿ ಊಟ ಬಿಡಬಹುದು, ಮನೆಯಿಂದ ಒಬ್ಬರೇ ಹೋಗಬಹುದು, ಎರಡು ದಿನ ಮೊದಲೇ ಅವರ ಅಂಗಳದಲ್ಲಿ ನಿಂತು ಉಡುಗೊರೆ ಕೊಟ್ಟು ಬರಬಹುದು. ತೀರ್ಮಾನ ಮಾಡುವಾಗ ಕರೆದವರು ಎಷ್ಟು ಹತ್ತಿರದವರು ಎಂಬುದನ್ನು ಕೊನೆಗೆ ಇಟ್ಟುಕೊಳ್ಳಿ. ನಿಮ್ಮ ಮನೆಯಲ್ಲಿ ಯಾರಿದ್ದಾರೆ, ಊರಿನಲ್ಲಿ ರೋಗ ಎಷ್ಟಿದೆ, ಸೇರುವ ಜಾಗದ ಗಾಳಿ ಹೇಗಿದೆ ಎಂಬುದು ಮೊದಲು ಬರಬೇಕು. ಇಲ್ಲಿ ಹೇಳಿರುವುದು ಉಸಿರಿನಿಂದ ಹರಡುವ ರೋಗಕ್ಕೆ, ಮುಖ್ಯವಾಗಿ ಕೋವಿಡ್‌ಗೆ.

ಮತ್ತೊಂದು ಮಾತು: ನಿಮಗೇ ಜ್ವರ, ಗಂಟಲುನೋವು, ಹೊಸ ಕೆಮ್ಮು, ಮೈಕೈನೋವು ಇದ್ದರೆ ಯಾವ ಲೆಕ್ಕವೂ ಬೇಡ, ಹೋಗಬಾರದು. "ಮಳೆಗೆ ನೆನೆದ ಶೀತ" ಎಂದು ಸಮಾಧಾನ ಮಾಡಿಕೊಂಡು ಹೋಗುವುದರಿಂದ ಬರುವ ಕಷ್ಟ ದೊಡ್ಡದು.

ಮನೆಯಲ್ಲಿ ಯಾರಿದ್ದಾರೆ?

2020ರ ಆಗಸ್ಟ್‌ನಲ್ಲಿ ಅಮೆರಿಕದ ಮೇಯ್ನ್ ರಾಜ್ಯದಲ್ಲಿ 55 ಮಂದಿ ಸೇರಿದ ಒಂದು ಮದುವೆಯಿಂದ ಹೊರಟ ಸೋಂಕು 177 ಜನರನ್ನು ಮುಟ್ಟಿತು. 7 ಮಂದಿ ತೀರಿಕೊಂಡರು. ಆ ಏಳರಲ್ಲಿ ಒಬ್ಬರೂ ಮದುವೆಗೆ ಹೋದವರಾಗಿರಲಿಲ್ಲ. ಹೋಗಿ ಬಂದವರು ಮನೆಗೆ, ಕೆಲಸದ ಜಾಗಕ್ಕೆ ಅದನ್ನು ಕೊಂಡುಹೋಗಿದ್ದರು. ಆದ್ದರಿಂದ "ನನಗೇನೂ ಆಗುವುದಿಲ್ಲ, ಗಟ್ಟಿ ಇದ್ದೇನೆ" ಎಂಬ ಮಾತಿನಿಂದ ಪ್ರಶ್ನೆ ಮುಗಿಯುವುದಿಲ್ಲ.

ಮನೆಯಲ್ಲಿ 60 ದಾಟಿದವರು, ಸಕ್ಕರೆ ಕಾಯಿಲೆ, ಹೃದಯದ ತೊಂದರೆ, ದಮ್ಮು ಇರುವವರು, ಡಯಾಲಿಸಿಸ್ ಅಥವಾ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಬಸುರಿ, ಲಸಿಕೆ ಆಗದವರು ಇದ್ದರೆ ನೀವು ಹೋಗಿ ಬಂದ ಮೇಲೆ ಏಳು ದಿನ ಅವರಿಂದ ದೂರ ಮಲಗಿ, ದೂರ ಉಣ್ಣಲು ಸಾಧ್ಯವೇ ನೋಡಿ. ಸಾಧ್ಯವಿದ್ದರೆ ಮುಂದಿನ ಲೆಕ್ಕಕ್ಕೆ ಹೋಗಬಹುದು. ಒಂದೇ ಚಾವಡಿಯಲ್ಲಿ ಎಲ್ಲರೂ ಮಲಗುವ ಮನೆಯಾದರೆ ರೋಗ ಏರುತ್ತಿರುವ ವಾರಗಳಲ್ಲಿ ಒಳಾಂಗಣದ ಕಾರ್ಯಕ್ರಮ ಬಿಡುವುದೇ ಸರಿ. ಜಿಲ್ಲೆಯ ಎಣ್ಮಕಜೆಯಂಥ ಪಂಚಾಯತಿಗಳಲ್ಲಿ ಎಂಡೋಸಲ್ಫಾನ್ ಕೀಟನಾಶಕದಿಂದ ನರಳುತ್ತಿರುವ ಮಕ್ಕಳು, ಹಿರಿಯರು ಇರುವ ಮನೆಗಳಿಗೆ ಇದು ಇನ್ನಷ್ಟು ಗಟ್ಟಿಯಾಗಿ ಅನ್ವಯಿಸುತ್ತದೆ. ಹಾಸಿಗೆ ಹಿಡಿದವರು ಮಾಸ್ಕ್ ಹಾಕಿಕೊಳ್ಳಲಾರರು, ಕಫ ಕೆಮ್ಮಿ ಹೊರಹಾಕಲಾರರು, ಅವರ ಆರೈಕೆಯನ್ನು ಎರಡು ಮೀಟರ್ ದೂರ ನಿಂತು ಮಾಡಲೂ ಆಗುವುದಿಲ್ಲ. ಅಂಥ ಮನೆಯ ತಾಯಿಗೆ ಜ್ವರ ಬಂದರೆ ಅವರ ಜಾಗದಲ್ಲಿ ನಿಲ್ಲುವವರು ಯಾರು ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ಆರೈಕೆ ಮಾಡುವವರು ಜೆಂಬರಕ್ಕೆ ಹೋಗದಿರುವುದು, ಮನೆಯ ಬೇರೊಬ್ಬರು ಹೋಗಿ ಬೇರೆಡೆ ಉಳಿಯುವುದು ಮೇಲು.

ಆಸ್ಪತ್ರೆಯ ದಾರಿಯೂ ಲೆಕ್ಕದೊಳಗೇ ಬರುತ್ತದೆ. 2020ರ ಮಾರ್ಚ್ ಕೊನೆಯಲ್ಲಿ ಕೇರಳ-ಕರ್ನಾಟಕದ ನಡುವಿನ ತಲಪಾಡಿಯ ಗಡಿ ಮುಚ್ಚಿ, ಒಳದಾರಿಗಳಿಗೆ ಮಣ್ಣು ಸುರಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ರೋಗಿಗಳು ಈಚೆ, ಕಾಸರಗೋಡಿನಲ್ಲೇ, ಉಳಿದರು. ಕೆಲವರು ಪ್ರಾಣ ಬಿಟ್ಟರು. ರೋಗದ ಅಲೆ ಏರುತ್ತಿರುವಾಗ ಹತ್ತಿರದಲ್ಲಿ ಆಮ್ಲಜನಕದ ಹಾಸಿಗೆ ಎಲ್ಲಿದೆ, ಗಡಿ ದಾಟದೆ ಅಲ್ಲಿಗೆ ತಲುಪಬಹುದೇ ಎಂದು ಆಶಾ ಕಾರ್ಯಕರ್ತೆಯರಲ್ಲಿ ವಿಚಾರಿಸಿ. ಹಾಸಿಗೆ ಸಿಗುವುದು ಕಷ್ಟ ಎಂಬ ಉತ್ತರ ಬಂದರೆ ಅದೇ ನಿಮ್ಮ ತೀರ್ಮಾನವಾಗಲಿ.

ಊರಿನಲ್ಲಿ ಎಷ್ಟಿದೆ?

ಒಂದು ಸರಳ ಲೆಕ್ಕ. ನಿಮ್ಮ ಪಂಚಾಯತಿಯಲ್ಲಿ 30,000 ಜನ, ಕಳೆದ 7 ದಿನಗಳಲ್ಲಿ ದಾಖಲಾದ ಪ್ರಕರಣ 60 ಎಂದಿಟ್ಟುಕೊಳ್ಳಿ. ಪರೀಕ್ಷೆ ಮಾಡಿಸದವರೂ ಇರುತ್ತಾರಾದ್ದರಿಂದ ಐದರಿಂದ ಗುಣಿಸಿ: 300. ಅಂದರೆ ನೂರಕ್ಕೆ ಒಬ್ಬರು. ಹಾಗಿದ್ದಾಗ ಸೋಂಕಿರುವ ಒಬ್ಬರಾದರೂ ಸೇರಿರುವ ಸಾಧ್ಯತೆ 20 ಜನರ ಕೂಟದಲ್ಲಿ ಶೇಕಡ 18, 50 ಜನರಲ್ಲಿ 40, 100ರಲ್ಲಿ 63, 300ರಲ್ಲಿ 95. ಪ್ರಕರಣ 60ರ ಬದಲು 6 ಇದ್ದರೆ 50 ಜನರ ಕೂಟದಲ್ಲಿ ಶೇಕಡ 5, 300ರಲ್ಲಿ 26. ಸಭಾಭವನದ ಮದುವೆಗೂ ಮನೆಯಂಗಳದ ಸೀಮಂತಕ್ಕೂ ಇರುವ ಅಂತರ ಇಷ್ಟು ದೊಡ್ಡದು. ಬೆಂಗಳೂರು, ಮುಂಬಯಿ, ಗಲ್ಫಿನಿಂದ ಬರುವ ನೆಂಟರು ಅಲ್ಲಿನ ಲೆಕ್ಕವನ್ನು ತಮ್ಮೊಂದಿಗೆ ತರುತ್ತಾರೆ ಎಂಬುದನ್ನೂ ಸೇರಿಸಿಕೊಳ್ಳಿ.

ಸರಕಾರ ಅನುಮತಿಸಿದ ಸಂಖ್ಯೆಯನ್ನು ಸುರಕ್ಷಿತ ಸಂಖ್ಯೆ ಎಂದು ತಿಳಿಯುವುದು ಸಾಮಾನ್ಯ ತಪ್ಪು. 2020ರ ಮೇ ತಿಂಗಳಲ್ಲಿ ಮದುವೆಗೆ 50 ಜನರ ಮಿತಿ ಇತ್ತು. ಮೇಲಿನ ಲೆಕ್ಕದಲ್ಲಿ 50 ಎಂದರೆ ಏನೆಂದು ನೋಡಿದಿರಿ. ಬಾಗಿಲಲ್ಲಿ ಹಣೆಗೆ ಹಿಡಿಯುವ ಥರ್ಮಾಮೀಟರನ್ನೂ ನಂಬಬೇಡಿ. ಕೋವಿಡ್ ಲಕ್ಷಣ ಕಾಣುವ ಎರಡು ದಿನ ಮೊದಲೇ ಹರಡತೊಡಗುತ್ತದೆ, ಆಗ ಜ್ವರವೇ ಇರುವುದಿಲ್ಲ.

ಪುತ್ತೂರು, ವಿಟ್ಲ, ಮಂಗಳೂರಿನ ಕಡೆಯ ಜೆಂಬರವಾದರೆ ಎರಡೂ ರಾಜ್ಯಗಳ ನಿಯಮ ಹಿಂದಿನ ದಿನವೇ ನೋಡಿ. 2021ರಲ್ಲಿ ಕೇರಳದಿಂದ ಹೋಗುವವರಿಗೆ 72 ಗಂಟೆಯೊಳಗಿನ ಆರ್‌ಟಿಪಿಸಿಆರ್ ವರದಿ ಬೇಕಿತ್ತು. ಮುಹೂರ್ತದ ಹೊತ್ತಿಗೆ ಗಡಿಯಲ್ಲಿ ನಿಂತಿರಬೇಕಾಗಿ ಬಂದೀತು.

ಗಾಳಿ: ಇದೇ ಮುಖ್ಯ

ಸೋಂಕಿರುವವರ ಉಸಿರಿನ ಸಣ್ಣ ಕಣಗಳು ಹೊಗೆಯಂತೆ ತೇಲುತ್ತವೆ. ಆದ್ದರಿಂದ ಪ್ರತಿ ಜಾಗದಲ್ಲೂ ಹೀಗೆ ಕೇಳಿಕೊಳ್ಳಿ: ಇಲ್ಲಿ ಹೋಮ ಮಾಡಿದರೆ ಹೊಗೆ ಎಷ್ಟು ಹೊತ್ತು ನಿಲ್ಲುತ್ತದೆ? ಅಂಗಳದ ಸೋಗೆ ಚಪ್ಪರ ಅಥವಾ ಶೀಟಿನ ಚಪ್ಪರ, ನಾಲ್ಕೂ ಬದಿ ತೆರೆದಿದ್ದರೆ, ಹೊಗೆ ಹಾರಿಹೋಗುತ್ತದೆ. ಅಪಾಯ ಬಹಳ ಕಡಿಮೆ. ಅದೇ ಚಪ್ಪರಕ್ಕೆ ಮಳೆಯ ಇರಿಚಲು ಬಾರದಂತೆ ಮೂರು ಬದಿ ಟಾರ್ಪಾಲು ಕಟ್ಟಿದರೆ ಅದು ಕೋಣೆಯಾಯಿತು.

ಸಭಾಭವನದ ಗಾಳಿ ಗಂಟೆಗೆ 2 ಸಲ ಮಾತ್ರ ಪೂರ್ತಿ ಬದಲಾಗುತ್ತದೆ ಎಂದಾದರೆ ತುಂಬಿದ ಕಣಗಳಲ್ಲಿ ಶೇಕಡ 99 ಹೊರಹೋಗಲು 2 ಗಂಟೆ 18 ನಿಮಿಷ ಬೇಕು. 6 ಸಲ ಬದಲಾದರೆ 46 ನಿಮಿಷ ಸಾಕು. ಸ್ಪ್ಲಿಟ್ ಏಸಿ ಹೊರಗಿನ ಗಾಳಿಯನ್ನು ಒಳಗೆ ತರುವುದಿಲ್ಲ, ಒಳಗಿನದನ್ನೇ ತಂಪು ಮಾಡಿ ಸುತ್ತಿಸುತ್ತದೆ. ಸೀಲಿಂಗ್ ಫ್ಯಾನೂ ಕಲಕುತ್ತದೆಯೇ ಹೊರತು ಹೊರಹಾಕುವುದಿಲ್ಲ. ಕಾರ್ಯಕ್ರಮ ನಡೆಸುವವರಲ್ಲಿ ನಿಮಗೆ ಸಲುಗೆಯಿದ್ದರೆ ಇಷ್ಟು ಕೇಳಿ: ಏಸಿ ಬಂದ್ ಮಾಡಿ, ಎದುರುಬದುರು ಕಿಟಕಿಗಳನ್ನು ಪೂರ್ತಿ ತೆರೆದು, ಒಂದು ಬದಿಯ ಕಿಟಕಿಗಳಿಗೆ ಪೆಡೆಸ್ಟಲ್ ಫ್ಯಾನ್‌ಗಳನ್ನು ಹೊರಮುಖವಾಗಿ ಇಡಿ. ಊದುಬತ್ತಿ ಹಚ್ಚಿ ಕಿಟಕಿಯ ಬಳಿ ಹಿಡಿದರೆ ಹೊಗೆ ಹೊರಗೆ ಎಳೆದುಕೊಂಡು ಹೋಗುತ್ತದೆಯೋ ಇಲ್ಲವೋ ಎಂದು ಕೂಡಲೇ ಗೊತ್ತಾಗುತ್ತದೆ. ಕಾರ್ಬನ್ ಡೈಆಕ್ಸೈಡ್ ಮೀಟರ್ ಇದ್ದರೆ ಹೊರಗೆ 420 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಪಾಲು) ಹತ್ತಿರ ತೋರಿಸುತ್ತದೆ. ಒಳಗೆ 800ರ ಕೆಳಗಿದ್ದರೆ ಗಾಳಿ ಚೆನ್ನಾಗಿದೆ, 1,500 ದಾಟಿದರೆ ಹೊರಗೆ ಬನ್ನಿ.

ಶಬ್ದವನ್ನೂ ಗಮನಿಸಿ. ಗಟ್ಟಿಯಾಗಿ ಮಾತಾಡಿದರೆ, ಹಾಡಿದರೆ ಬಾಯಿಂದ ಹೊರಡುವ ಕಣಗಳು ಹಲವು ಪಟ್ಟಾಗುತ್ತವೆ. 2020ರ ಮಾರ್ಚ್ 10ರಂದು ವಾಷಿಂಗ್ಟನ್ ರಾಜ್ಯದಲ್ಲಿ 61 ಮಂದಿ ಎರಡೂವರೆ ಗಂಟೆ ಕೂಡಿ ಹಾಡಿದ ಅಭ್ಯಾಸದಲ್ಲಿ, ಖಚಿತ ಮತ್ತು ಸಂಭಾವ್ಯ ಸೇರಿ, 53 ಮಂದಿಗೆ ರೋಗ ಬಂತು. ನಮ್ಮ ಭಜನಾ ಮಂದಿರದ ವಾರದ ಭಜನೆ ಅದೇ ಜಾತಿಯದು: ಸಣ್ಣ ಜಾಗ, ಮುಚ್ಚಿದ ಬಾಗಿಲು, ಎಲ್ಲರ ಬಾಯಲ್ಲೂ ಹಾಡು. ಅದನ್ನು ಹೊರಗಿನ ಜಗಲಿಗೆ ತನ್ನಿ, ಇಲ್ಲವೇ ಅಲೆ ಇಳಿಯುವ ತನಕ ನಿಲ್ಲಿಸಿ. ಮದುವೆ ಹಾಲ್‌ನಲ್ಲಿ ಸ್ಪೀಕರ್ ಜೋರಾಗಿದ್ದರೆ ಜನ ಕಿವಿಯ ಹತ್ತಿರ ಬಂದು ಕೂಗುತ್ತಾರೆ. ಅದನ್ನು ತಗ್ಗಿಸುವುದು ಖರ್ಚಿಲ್ಲದ ಉಪಾಯ.

ನಮ್ಮ ಊರಿನ ಪಂಚಾಂಗಕ್ಕೂ ಇದಕ್ಕೂ ನಂಟಿದೆ. ಪತ್ತನಾಜೆಯ (ಮೇ ಕೊನೆಯ ಹೊತ್ತಿಗೆ ಬರುವ ತುಳುವರ ದಿನ) ತನಕ ಬಯಲಾಟ (ಬಯಲಲ್ಲಿ ಆಡುವ ಯಕ್ಷಗಾನ), ದೈವದ ಕೋಲ, ಕಳಿಯಾಟ (ತೆಯ್ಯಂ ಉತ್ಸವ) ಎಲ್ಲ ತೆರೆದ ಗದ್ದೆಯಲ್ಲಿ, ಅಂಗಳದಲ್ಲಿ. ಆಮೇಲೆ ಮಳೆ ಹಿಡಿಯುತ್ತದೆ, ಆಟದ ಮೇಳಗಳು ನಿಲ್ಲುತ್ತವೆ, ಸಭಾಂಗಣದೊಳಗಿನ ತಾಳಮದ್ದಳೆ (ವೇಷವಿಲ್ಲದೆ ಕುಳಿತು ನಡೆಸುವ ಯಕ್ಷಗಾನ) ಶುರುವಾಗುತ್ತದೆ. ಬಯಲಾಟಕ್ಕೆ ಹೋಗಿ ಹಿಂದಿನ ಸಾಲಿನ ಬದಿಯಲ್ಲಿ ಕುಳಿತು ನೋಡುವುದು, ಚೌಕಿಯೊಳಗೆ (ವೇಷ ಕಟ್ಟುವ ಜಾಗ) ನುಗ್ಗದೆ ಇದ್ದರೆ, ಸಣ್ಣ ಅಪಾಯ. ಕೋಲದಲ್ಲಿ ಗಂಧಪ್ರಸಾದಕ್ಕೆ ಜನ ಒತ್ತುವ ಹೊತ್ತು ಮಾತ್ರ ಜಾಗ್ರತೆ ಬೇಕು, ಗುಂಪು ಕರಗಿದ ಮೇಲೆ ಹೋಗಿ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಕಿಟಕಿ ಮುಚ್ಚಿದ ಹಾಲ್‌ನಲ್ಲಿ ಮೂರು ಗಂಟೆ ತಾಳಮದ್ದಳೆ ಕೇಳುವುದು ಇದಕ್ಕಿಂತ ಎಷ್ಟೋ ಪಟ್ಟು ಕೆಟ್ಟದ್ದು, ಕೇಳುಗರು ಮೂವತ್ತೇ ಮಂದಿ ಇದ್ದರೂ.

ಊಟ ಮತ್ತು ದಾರಿ

ಧಾರೆಯ ಹೊತ್ತು ಮಾಸ್ಕ್ ಇರುತ್ತದೆ, ಊಟದ ಹಂತಿಯಲ್ಲಿ (ಪಂಕ್ತಿಯಲ್ಲಿ) ಇರುವುದಿಲ್ಲ. ಎದುರುಬದುರು ಸಾಲು, ಅರ್ಧ ಗಂಟೆ ಬಿಡದ ಮಾತು, ಬೆನ್ನ ಹಿಂದೆ ಮುಂದಿನ ಹಂತಿಗೆ ಕುರ್ಚಿ ಹಿಡಿಯಲು ಕಾದು ನಿಂತವರು. ಎಲ್ಲ ಎಲೆಗಳ ಮೇಲೂ ಬಗ್ಗಿ ಬಡಿಸುವವರೂ ಮನುಷ್ಯರೇ. ಅವರಿಗೆ ಅಪಾಯ ಎಲ್ಲರಿಗಿಂತ ಹೆಚ್ಚು, ಮಾಸ್ಕ್ ಮೊದಲು ಬೇಕಾದದ್ದು ಅವರಿಗೆ. ಜೆಂಬರದಲ್ಲಿ ಒಂದನ್ನು ಮಾತ್ರ ಬಿಡುವುದಾದರೆ ಒಳಗಿನ ಊಟವನ್ನು ಬಿಡಿ. ಉಣ್ಣಲೇಬೇಕಾದರೆ ಮೊದಲ ಹಂತಿಗೆ, ಕಿಟಕಿಯ ಬದಿಯ ತುದಿ ಎಲೆಗೆ ಕುಳಿತುಕೊಳ್ಳಿ; ಹಿಂದಿನ ಹಂತಿಯವರು ಬಿಟ್ಟ ಗಾಳಿ ಇನ್ನೂ ತುಂಬಿರುವುದಿಲ್ಲ. ಬಫೆಯಾದರೆ ತಟ್ಟೆ ಹಿಡಿದು ಅಂಗಳಕ್ಕೆ ಬನ್ನಿ. ಪಾಯಸ, ಹೋಳಿಗೆ ಮನೆಗೆ ತರಲು ಕೇಳುವುದರಲ್ಲಿ ಸಂಕೋಚ ಬೇಡ. ಎಲೆ, ಲೋಟ ಮುಟ್ಟಿದ್ದರಿಂದ ಬರುವ ಭಯ ಸಣ್ಣದು, ಕೈ ತೊಳೆದರೆ ಸಾಕು.

ದಾರಿಯನ್ನು ಹೆಚ್ಚಿನವರು ಮರೆಯುತ್ತಾರೆ. ಗಾಜು ಏರಿಸಿದ ಜೀಪಿನಲ್ಲಿ ಹನ್ನೆರಡು ಜನ ಒಂದೂವರೆ ಗಂಟೆ ಹರಟುತ್ತಾ ಹೋದರೆ, ಅಲ್ಲಿನ ತೆರೆದ ಚಪ್ಪರದಿಂದ ಬಂದ ಲಾಭ ದಾರಿಯಲ್ಲೇ ಮುಗಿಯಿತು. ನಿಮ್ಮ ಮನೆಯವರೇ ಇರುವ ವಾಹನದಲ್ಲಿ ಹೋಗಿ, ಇಲ್ಲವೇ ಗಾಜು ಇಳಿಸಿ, ಮಾಸ್ಕ್ ಹಾಕಿ.

ಒಂದೇ ವಾರದಲ್ಲಿ ಮೂರು ಹೇಳಿಕೆ ಬಂದರೆ ಒಂದನ್ನೇ ಆರಿಸಿ. ಸೋಂಕು ತಗಲಿದವರು ಎರಡು-ಮೂರು ದಿನದಲ್ಲೇ ಹರಡತೊಡಗಬಹುದು. ಸೋಮವಾರದ ಗೃಹಪ್ರವೇಶದಲ್ಲಿ ಪಡೆದದ್ದನ್ನು ಗುರುವಾರದ ಮದುವೆಯಲ್ಲಿ ಹಂಚುವಂತಾಗುತ್ತದೆ. ಎರಡರ ನಡುವೆ ಕನಿಷ್ಠ ಒಂದು ವಾರ ಬಿಡಿ.

ಸಾವಿನ ಮನೆ

ಇಲ್ಲಿಗೆ ಹೇಳಿಕೆ ಇಲ್ಲ, ಹೋಗದಿರಲು ಮನಸ್ಸೂ ಒಪ್ಪುವುದಿಲ್ಲ. ಒಪ್ಪಬೇಕಾಗಿಯೂ ಇಲ್ಲ. ಒಳಗೆ ಹೋಗದೆ ಅಂಗಳದಲ್ಲಿ ಮಾಸ್ಕ್ ಹಾಕಿ ಹತ್ತು ನಿಮಿಷ ನಿಂತು, ಮನೆಯವರಿಗೆ ಮುಖ ಕಾಣಿಸಿ ಬನ್ನಿ. ಅಳುವವರನ್ನು ತಬ್ಬಬೇಕಾದ ಹತ್ತಿರದವರು ತಬ್ಬಲಿ, ಆಮೇಲೆ ಒಂದು ವಾರ ತಮ್ಮ ಹಿರಿಯರಿಂದ ದೂರ ಇರಲಿ. ಬೊಜ್ಜದ (ಉತ್ತರಕ್ರಿಯೆಯ) ಊಟ ಬಿಡಬಹುದು. ತಿಂಗಳ ನಂತರ, ನೆಂಟರೆಲ್ಲ ಹೋದ ಮೇಲೆ, ಒಂದು ಮಧ್ಯಾಹ್ನ ಹೋಗಿ ಕುಳಿತು ಬನ್ನಿ. ಆ ಹೊತ್ತಿಗೆ ಆ ಮನೆಗೆ ಜನ ನಿಜವಾಗಿ ಬೇಕಾಗಿರುತ್ತದೆ.

ಬರುವುದಿಲ್ಲ ಎಂದು ಹೇಳುವುದು

ಹಿಂದಿನ ರಾತ್ರಿಯ ವಾಟ್ಸಾಪ್ ಸಂದೇಶ ನೋಯಿಸುತ್ತದೆ. ಅಡುಗೆಯವರಿಗೆ ಎಲೆಯ ಲೆಕ್ಕ (ಊಟಕ್ಕೆ ಎಷ್ಟು ಜನ ಎಂದು) ಕೊಡುವ ಮೊದಲು, ನಾಲ್ಕೈದು ದಿನ ಮುಂಚೆಯೇ, ಫೋನ್ ಮಾಡಿ, ಕಾರಣ ಇದ್ದದ್ದನ್ನು ಇದ್ದಂತೆ ಹೇಳಿ: "ಭಾವಾ, ಅಮ್ಮನಿಗೆ ದಮ್ಮು ಇದೆ, ನಾನು ಹೊರಗಿನಿಂದ ಏನಾದರೂ ತಂದರೆ ಅವರಿಗೆ ಕಷ್ಟ. ಮದುವೆಗೆ ಬರಲಾಗುವುದಿಲ್ಲ. ಮಳೆ ಬಿಟ್ಟ ಮೇಲೆ ಮದುಮಕ್ಕಳನ್ನು ಕರೆದುಕೊಂಡು ನಮ್ಮಲ್ಲಿಗೆ ಊಟಕ್ಕೆ ಬರಬೇಕು." ಬೇರೆ ಕೆಲಸದ ನೆವ ಹೇಳಬೇಡಿ; ಅದು ಒಂದಲ್ಲ ಒಂದು ದಿನ ಹೊರಬೀಳುತ್ತದೆ.

ಹೋಗುವುದಾದರೆ

ಎನ್95 ಮಾಸ್ಕ್, ಪಟ್ಟಿ ತಲೆಯ ಹಿಂದೆ ಹೋಗುವಂಥದ್ದು, ಎರಡು ಇಟ್ಟುಕೊಳ್ಳಿ. ಬೆವರಿಗೋ ಮಳೆಗೋ ಒದ್ದೆಯಾದದ್ದನ್ನು ಬದಲಿಸಿ. ಮೂಗಿನ ಮೇಲಿನ ಪಟ್ಟಿಯನ್ನು ಎರಡು ಬೆರಳಿಂದ ಒತ್ತಿ, ಜೋರಾಗಿ ಉಸಿರು ಬಿಟ್ಟು ನೋಡಿ. ಕನ್ನಡಕ ಮಸುಕಾದರೆ ಮೂಗಿನ ಬದಿಯಲ್ಲಿ ಸೋರುತ್ತಿದೆ. ಗಡ್ಡ ಇದ್ದರೆ ಸೋರುತ್ತದೆ. ಸೀರೆಗೆ ಹೊಂದುವ ಬಟ್ಟೆಯ ಮಾಸ್ಕ್ ಈ ಕೆಲಸಕ್ಕೆ ಆಗುವುದಿಲ್ಲ.

ಹೊರಡುವ ಬೆಳಿಗ್ಗೆ ಮನೆಯಲ್ಲೇ ಆ್ಯಂಟಿಜನ್ ಪರೀಕ್ಷೆ ಮಾಡಿ. ಪಾಸಿಟಿವ್ ಬಂದರೆ ನಂಬಿ, ಹೋಗಬೇಡಿ. ನೆಗೆಟಿವ್ ಬಂದರೆ ಪೂರ್ತಿ ನಂಬಬೇಡಿ, ಸೋಂಕಿನ ಮೊದಲ ದಿನಗಳಲ್ಲಿ ಅದು ತಪ್ಪಿಹೋಗುತ್ತದೆ. ಬಂದ ಮೇಲೆ ಐದನೆಯ ದಿನ ಮತ್ತೆ ಮಾಡಿ. ಅಷ್ಟರೊಳಗೆ ಜ್ವರ, ಕೆಮ್ಮು ಕಂಡರೆ ಆಗಲೇ ಮಾಡಿ, ನೆಗೆಟಿವ್ ಬಂದರೆ 48 ಗಂಟೆ ಬಿಟ್ಟು ಇನ್ನೊಮ್ಮೆ, ಮತ್ತು ಜೆಂಬರದ ಮನೆಯವರಿಗೆ ಅದೇ ದಿನ ತಿಳಿಸಿ. ಮುಚ್ಚಿಟ್ಟರೆ ಉಳಿದವರಿಗೆ ಎಚ್ಚರವಾಗುವ ಅವಕಾಶ ತಪ್ಪುತ್ತದೆ.

ಸೋಂಕು ಬಂದೇ ಬಿಟ್ಟರೆ ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರನ್ನು ಮದರಂಗಿ, ಉಗುರುಬಣ್ಣ ಇಲ್ಲದ ಬೆರಳಿಗೆ, ಕೈ ಬೆಚ್ಚಗಿರುವಾಗ, ಐದು ನಿಮಿಷ ಕುಳಿತ ಮೇಲೆ ಹಾಕಿ. 94ಕ್ಕಿಂತ ಕಡಿಮೆ ಬಂದರೆ, ಅಥವಾ ಕೋಣೆಯಲ್ಲಿ ಆರು ನಿಮಿಷ ನಡೆದಾಗ ಅಂಕೆ ಇಳಿಯುತ್ತಾ ಹೋದರೆ, ರಾತ್ರಿಯಾದರೂ ಕಾಯದೆ ಕೇರಳದ ಆರೋಗ್ಯ ಸಹಾಯವಾಣಿ 1056ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೊರಡಿ.